ಹುಕ್ಕೇರಿಯಲ್ಲಿ ಹಗುರಾದ ಬೆಲ್ಲ

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕಾಲೇಜಿನಿಂದ ರಜೆಗೆ ಬಂದ ತಮ್ಮ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಲೆಕ್ಕ ಬರೆದ. ಊರು ಭೂಮಧ್ಯರೇಖೆಯಿಂದ ಎಷ್ಟು ಉತ್ತರಕ್ಕಿದೆ, ಸಮುದ್ರಕ್ಕಿಂತ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಮೇಲಿನ ಸಾಲಿನಲ್ಲಿಟ್ಟು, ಮೆಟ್ಟಿಲಿಳಿದಂತೆ ಲೆಕ್ಕ ಮಾಡುತ್ತ ಬಂದರೆ, ಅಲ್ಲಿ ಭೂಮಿ ಎಷ್ಟು ಬಲವಾಗಿ ಎಳೆಯುತ್ತದೆಂದು ತಿಳಿಯುತ್ತದಂತೆ. ಯಾವ ಊರಿಗಾದರೂ ಮೆಟ್ಟಿಲು ಅವೇ.

"ಅಕ್ಕಾ, ನಮ್ಮ ಮೂಡಲಗಿಕಿಂತ ಹುಕ್ಕೇರಿ ಎತ್ತರ. ಅಲ್ಲೆ ಎಲ್ಲಾ ಒಂಚೂರು ಹಗುರ."

"ಹಂಗಾರ ನಮ್ಮ ಎಮ್ಮಿ ಅಲ್ಲೇ ಕಟ್ಟು. ಏಳಾಕ ಒದ್ದಾಡತೈತಿ."

ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅವನ ಮಾತು ನನಗೆ ಅಷ್ಟೇ ಮುಟ್ಟಿತು.

ಕೆಲವು ದಿನಗಳ ಮೇಲೆ ನಮ್ಮ ಗಾಣದ ಒಡೆದ ಬೆಲ್ಲವನ್ನು ಅಪ್ಪ ತೂಗಿ ಚೀಲಕ್ಕೆ ತುಂಬಿದ. ತಮ್ಮ ಗಾಡಿಯಲ್ಲಿ ಹುಕ್ಕೇರಿಗೆ ಒಯ್ದ. ಅಲ್ಲಿಯ ಅಂಗಡಿಯವರ ಸ್ಪ್ರಿಂಗಿನ ಕಾಟಾದಲ್ಲಿ ಬೆಲ್ಲದ ತೂಕ ಕಡಿಮೆ ಬಿತ್ತು.

"ಮೊದಲ ನೆಪಾ ಕಟ್ಟಿಟ್ಟೀಯಲ್ಲ, ಅಲ್ಲೆ ಹಗುರ ಆಗತೈತಂತ! ದಾರ್ಯಾಗ ಯಾರಿಗೆ ಕೊಟ್ಟಿ?" ಎಂದ ಅಪ್ಪ.

"ಎತ್ತರಕ್ಕ ಕಡಿಮಿ ಆದ್ರ ಚೀಲಕ್ಕ ಒಂದು ಚಿಟಿಕಿ ಆಗಬೇಕ್ರಿ ಅಪ್ಪಾ, ಇಷ್ಟಲ್ಲ."

"ಮತ್ತ ಉಳದದ್ದು?"

ತಮ್ಮ ಬೆರಳು ಮಡಿಸಿ ಮತ್ತೆ ಲೆಕ್ಕ ಹಾಕತೊಡಗಿದ. ಕಾಲೇಜು ಸಾಕು, ಇನ್ನು ಗಾಣ ನೋಡಿಕೊ ಎಂದುಬಿಟ್ಟ ಅಪ್ಪ. ನನಗೂ ತಮ್ಮನ ಮೇಲೆ ಗುಮಾನಿ. ಅವನಿಲ್ಲದಾಗ ಟ್ರಂಕು ತೆರೆದು ಅಂಗಿಯ ಕಿಸೆಗಳನ್ನು ಮೂಸಿ ನೋಡಿದೆ. ಊಟಕ್ಕೆ ಬಡಿಸುವಾಗ ಕಣ್ಣು ತಪ್ಪಿಸುತ್ತಾನೆಯೇ ಎಂದು ಕಾದೆ. ತಪ್ಪಿಸಲಿಲ್ಲ. ಅದಕ್ಕೂ ಗುಮಾನಿಪಟ್ಟೆ.

ಮರುದಿನ ಗಾಣದ ಮನೆ ಗುಡಿಸುವಾಗ ಮೊರದ ತುಂಬ ಇರುವೆ ಮುತ್ತಿದ್ದವು. ಆಗ ನೆನಪಾಯಿತು. ಚೀಲದ ಬಾಯಿ ಹೊಲಿಯುವ ಮುಂಚೆ, ಅಪ್ಪ ದಬ್ಬಣ ತರಲು ಒಳಗೆ ಹೋದಾಗ, ಕಲ್ಲೋಳಿಯ ಮುದುಕಿಯೊಬ್ಬಳು ಬಂದು ಮಗಳ ಬಾಣಂತನಕ್ಕೆ ಬೆಲ್ಲ ಕೇಳಿದ್ದಳು. ಗಾಣಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ಕೊಟ್ಟದ್ದನ್ನು ಆಡಿ ತೋರಿಸಿದರೆ ಪುಣ್ಯ ಹೋಗುತ್ತದೆ. ಬೇರೆ ಬೆಲ್ಲ ಇರಲಿಲ್ಲವೆಂದು ಆ ಚೀಲದಿಂದಲೇ ಮೊರ ತುಂಬಿ ಅವಳ ಉಡಿಗೆ ಹಾಕಿದ್ದೆ. ಹಾಕಿ ಮರೆತಿದ್ದೆ.

ಅಪ್ಪನ ಮುಂದೆ ಹೋಗಿ ನಿಂತೆ. ಅವನ ಮುಖ ನೋಡಿದ್ದೇ, ಆಡಿ ತೋರಿಸಬಾರದು ಎಂಬ ಮಾತಿನ ಮರೆಗೆ ಸರಿದುಕೊಂಡೆ.

ಸಂಜೆ ತಮ್ಮ ಕೊಟ್ಟಿಗೆಯಲ್ಲಿ ಅದೇ ಲೆಕ್ಕವನ್ನು ಮತ್ತೆ ಮಾಡುತ್ತಿದ್ದ.

"ನಾನ ಎಲ್ಲೋ ತಪ್ಪೀನಿ ಅಕ್ಕಾ. ಹುಕ್ಕೇರಿ ಎತ್ತರ ಹೆಚ್ಚ ಇಟ್ಟು ನೋಡಿದೆ. ಆದ್ರೂ ಚಿಟಿಕಿನ ಬರತೈತಿ."

ಕೆಳಗೆ ಬಿದ್ದಿದ್ದ ಇದ್ದಿಲನ್ನು ಎತ್ತಿ ಅವನ ಕೈಗೆ ಕೊಟ್ಟೆ.

"ಇನ್ನೊಂದೀಟು ಎತ್ತರ ಇಟ್ಟು ನೋಡು, ತಮ್ಮಾ" ಎಂದೆ.

ಇಟ್ಟು ನೋಡಿದ. ಕಾಲೇಜು ತೆರೆದ ದಿನ ಅವನು ಗಾಣದ ಎತ್ತುಗಳ ಹಿಂದೆ ಸುತ್ತುತ್ತಿದ್ದ.