ಯಾರೂ ಬಾರದ ಕಾಲ

ನಮ್ಮ ಸತ್ತೇಗಾಲದ ಮನೆ ರಸ್ತೆಗೇ ಅಂಟಿಕೊಂಡಿರುವುದರಿಂದ ನನಗೊಂದು ಚಾಳಿ ಹತ್ತಿಬಿಟ್ಟಿದೆ. ಜಗಲಿಯಲ್ಲಿ ಯಾರಾದರೂ ನೀರು ಕೇಳಿದರೆ, ಮುಖ ನೋಡುವ ಮೊದಲೇ ಊರನ್ನು ಊಹಿಸುತ್ತೇನೆ. ಕಾವೇರಿ ತುಂಬಿ ಜಲಪಾತ ಭೋರ್ಗರೆಯತೊಡಗಿದರೆ ಮೈಸೂರಿನ ಕಾರುಗಳು ಬರುತ್ತವೆ, "ಸ್ವಲ್ಪ ನೀರು ಸಿಗುತ್ತೇನಮ್ಮ?" ಎಂದು ಮಾತಿಗೆ ಇಸ್ತ್ರಿ ಹಾಕಿದಂತೆ ಕೇಳುತ್ತಾರೆ. ದಸರೆ ರಜೆಯಲ್ಲಿ ಧಾರವಾಡದ ಕಡೆಯವರ "ನೀರು ಕೊಡ್ರೀ ಅಕ್ಕಾರ" ಪಕ್ಕದ ಮನೆಗೂ ಕೇಳಿಸುತ್ತದೆ. ಶಿವರಾತ್ರಿ ಹತ್ತಿರವಾದರೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ "ವಸಿ ನೀರ್ ಕೊಡವ್ವ." ಪಂಚಾಂಗವಿಲ್ಲದೆಯೂ ನನಗೆ ಕಾಲ ತಿಳಿಯುತ್ತದೆ. ಯುಗಾದಿ ಕಳೆದ ಮೇಲೆ ಮಾತ್ರ ಜಗಲಿ ಮೂಕ. ಹೊಳೆ ಬತ್ತಿ ಬಂಡೆಗಳಷ್ಟೇ ಉಳಿಯುತ್ತವೆ. ಬಂಡೆ ನೋಡಲು ಯಾರು ಬಂದಾರು?

ಬಂದಳು, ನನ್ನ ಸುಮತಿ. ಅಪ್ಪನ ಸರ್ಕಾರಿ ಕೆಲಸದಿಂದಾಗಿ ನಾನು ಓದಿದ್ದು ಮಂಗಳೂರಿನ ಕಾನ್ವೆಂಟಿನಲ್ಲಿ; ಅಲ್ಲಿ ನಾವಿಬ್ಬರೂ ಒಂದೇ ಬೆಂಚು. ಮದುವೆಯಾದ ಮೇಲೆ ಬರೀ ಕಾಗದದಲ್ಲೇ ಭೇಟಿ. ಈಗವಳು ಮಂಗಳೂರಲ್ಲೇ ಟೀಚರು, ಬೇಸಿಗೆಯಲ್ಲಷ್ಟೇ ರಜೆ. ನಾನೋ, ಜಲಪಾತವೆಂದರೆ ಅತ್ತೆಮನೆಯವರು ನನಗೆ ಹಾಕಿದ ಒಡವೆ ಎಂಬಂತೆ ಬರೆದು ಬರೆದು ಮೆರೆಸಿದ್ದೆ. ಅಷ್ಟು ದೂರದಿಂದ ಬಂದವಳು ಪೆಚ್ಚಾಗಿ ಹಿಂತಿರುಗಿದರೆ ಇನ್ನೊಮ್ಮೆ ಬರುವಳೇ?

ಜಲಪಾತದಲ್ಲಿ ನೀರು ಹಾಲು ಕರೆದಷ್ಟು ಸಣ್ಣಗೆ ಇಳಿಯುತ್ತಿತ್ತು. "ಇದೆಂತ ಮಾರಾಯ್ತಿ, ನೀರು ಎಲ್ಲುಂಟು?" ಎಂದಳು ಸುಮತಿ. ನನಗೆ ಬಂಡೆಯ ಸಂದಿಯಲ್ಲಿ ಅಡಗುವಂತಾಯಿತು.

ಮನೆಗೆ ಬಂದರೆ ಅತ್ತೆಯವರು ನಕ್ಕರು. "ಈ ಬಿಸ್ಲಲ್ಲಿ ಬಂಡೆ ನೋಡಕ್ ಓಗಿದ್ರಾ? ನಾಳೆ ನನ್ ಜತೆ ಬಾರವ್ವ, ಒಳೆ ತೋರುಸ್ತೀನಿ."

ನಾಳೆಯೆಂದರೆ ಒಗೆಯುವ ದಿನ! ಹೊಳೆ ಇಳಿದಾಗ ವರ್ಷದ ಕಂಬಳಿ, ಜಮಖಾನಗಳನ್ನೆಲ್ಲ ಗಾಡಿಯಲ್ಲಿ ಹೇರಿಕೊಂಡು ಹೋಗಿ ನಡುಹೊಳೆಯ ಬಂಡೆಗಳ ಮೇಲೆ ಒಗೆಯುವುದು ನಮ್ಮ ಹೆಂಗಸರ ಪದ್ಧತಿ. ಅದಕ್ಕೆ ಅತಿಥಿಯನ್ನು ಕರೆದೊಯ್ಯುವುದೇ? ಸಿಸ್ಟರುಗಳು ಕಲಿಸಿದ ಮರ್ಯಾದೆಯೆಲ್ಲ ನನ್ನೊಳಗೆ ಒಟ್ಟಿಗೇ ಎದ್ದು ನಿಂತಿತು. ಅತ್ತೆಯವರ ಮುಂದೆ ಹಾಗೆಯೇ ಕುಳಿತೂಬಿಟ್ಟಿತು.

ಮರುದಿನ ನಡುಹೊಳೆಯಲ್ಲಿ ಅತ್ತೆಯವರ ಗದರಿಕೆ ಶುರುವಾಯಿತು: "ಇಡ್ಕವ್ವ ಆ ತುದಿಯ. ಟೀಚರಮ್ಮ ಅಂತ ಜಮಖಾನ ನಿಂಗೆ ಕೈ ಮುಗ್ದದಾ?"

"ಎಂತ ಭಾರ ಉಂಟು ಅಮ್ಮಾ! ಇದ್ರೊಳಗೆ ನೀವೇ ಕೂತಿದ್ದೀರೋ ಹೇಗೆ?"

ಹೊಳೆಯಲ್ಲಿದ್ದ ಹೆಂಗಸರೆಲ್ಲ ಒಗೆಯುವುದನ್ನು ಬಿಟ್ಟು ನಕ್ಕರು. "ಬಾಯ್ ನೋಡ್ರವ್ವ ಇವ್ಳುದ!" ಎಂದ ಅತ್ತೆಯವರು ಅವಳಿಗೇ ದೊಡ್ಡ ಕಂಬಳಿ ಕೊಟ್ಟರು, ಅದು ನಮ್ಮಲ್ಲಿ ಪ್ರೀತಿಯ ಗುರುತು. ಮಧ್ಯಾಹ್ನ ನೀರಲ್ಲಿ ಕಾಲು ಇಳಿಬಿಟ್ಟು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿನ್ನುತ್ತ ಸುಮತಿ, "ನಮ್ಮ ಕಡಲು ಹೀಗೆ ಮಧ್ಯದಲ್ಲಿ ಕೂರ್ಲಿಕ್ಕೆ ಬಿಡ್ತದಾ?" ಎಂದಳು.

ಬಸ್ಸು ಹತ್ತಿಸುವಾಗ ನಾನು ತಡೆಯಲಾರದೆ, "ಮುಂದಿನ ಸಲ ರಜೆ ಹಾಕಿಯಾದರೂ ಶ್ರಾವಣದಲ್ಲಿ ಬಾರೇ" ಎಂದೆ.

"ಆಗ ಊರೆಲ್ಲ ಬರ್ತದಲ್ಲ, ನಾನು ಯಾಕೆ? ನಾನು ಬೇಸಿಗೆಗೇ ಬರುವವಳು. ನೀನು ಮಳೆಗಾಲದಲ್ಲಿ ನಮ್ಮಲ್ಲಿಗೆ ಬಾ. ಕಡಲ ಹತ್ತಿರ ಒಂದು ನರಪಿಳ್ಳೆ ಇರುವುದಿಲ್ಲ."

ಮೊದಲ ಮಳೆ ಬಿದ್ದಿದೆ. ನಾನು ಸೀರೆ ಮಡಿಸಿಡುತ್ತಿದ್ದೇನೆ. "ಈ ಮಳೇಲಿ ಸಮುದ್ರ ನೋಡಕ್ ಯಾರಾರ ಓಯ್ತಾರಾ?" ಎಂದು ನಮ್ಮ ಯಜಮಾನರಿಗೆ ಆಶ್ಚರ್ಯ. ನೋಡುವುದಕ್ಕೆ ಯಾರೂ ಹೋಗುವುದಿಲ್ಲ, ನಿಜ. ನಂಟರು ಹೋಗುತ್ತಾರೆ.