ಕಾಕಾ ಕಾಣದ ಗೋಡೆ

ಗಾಂಧಿನಗರದಲ್ಲಿ ನಮ್ಮ ಹಿತ್ತಿಲಾಚೆಯ ಮನೆಯ ಕಾಕಾನ ಕೈದೋಟ ನಮ್ಮ ಹಿತ್ತಿಲಿಗಿಂತ ಎತ್ತರದಲ್ಲಿತ್ತು. ಮಣ್ಣು ಜಾರದಂತೆ ಅವರು ಕಟ್ಟಿಸಿದ ಗೋಡೆಯ ಮುಖ ಕಾಣುತ್ತಿದ್ದುದು ನಮಗೆ ಮಾತ್ರ. ಅಪ್ಪನೊಂದಿಗೆ ಮಾತು ಬಿಟ್ಟಿದ್ದ ಕಾಕಾ ಕೆಳಗಿಳಿಯುತ್ತಿರಲಿಲ್ಲ. ಕೋಲಿಗೆ ಬ್ರಷ್ ಕಟ್ಟಿ, ಬೇಲಿಯ ಮೇಲಿಂದ ಬಗ್ಗಿ ಗೋಡೆಗೆ ಹಳದಿ ಬಣ್ಣ ಬಳಿಯುತ್ತಿದ್ದರು. "ಹೆಂಗ ಕಾಣ್ತೈತಲೇ?" ಎಂದು ನನ್ನನ್ನು ಕೇಳಿದಾಗಲೆಲ್ಲ ನಾನು ಅಪ್ಪನ ದನಿ ತೆಗೆದು "ಚೊಲೋ ಐತಿ" ಎನ್ನುತ್ತಿದ್ದೆ. ನನ್ನ ದನಿ ಯಾವುದೆಂಬುದು ನನಗೇ ಮರೆತುಹೋಗಿತ್ತು.

ಬೇಲಿಗೂ ಹಸಿರು ಬಳಿದ ಸಂಜೆ ಮತ್ತೆ ಕೇಳಿದರು.

"ಭಾಳ ಚೊಲೋ ಐತಿ."

"ಲೇ ಮಂಗ್ಯಾ, ನಿಮ್ಮಪ್ಪನಂಗ ಮಾತಾಡಬ್ಯಾಡ!"

ಕಾಕಾ ಬೇಲಿಯಿಂದ ಬಗ್ಗಿ ನೋಡಿದರೆ ನನ್ನ ಬಾಯಿ ತುಂಬ ಮಂಡಕ್ಕಿ. ಪಕ್ಕದಲ್ಲಿ ಕುರ್ಚಿ ಹಾಕಿ ಕೂತ ಅಪ್ಪ.

"ಹಂಗಾದ್ರ... ಈಗ ಅಂದಿದ್ದು ಯಾರು?" ಕಾಕಾ ಕೋಲು ಹಿಡಿದೇ ಗಲಿಬಿಲಿಗೊಂಡು ನಿಂತರು.

ಅಪ್ಪ ಎದ್ದು ಕುರ್ಚಿಯನ್ನು ಗೋಡೆಯತ್ತ ತಿರುಗಿಸಿದ. "ಕೆಳಗ ಬಂದು ನೀನ ನೋಡೋ."