ಕಣ್ಣಾರೆ ಕಂಡ ಸಾಕ್ಷಿ

ಅನ್ನದ ಗಂಜಿಯಲ್ಲಿ ಅದ್ದಿ ಒಣಗಿಸಿದ ಬಿಳಿ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಎಳೆದಾಗ ಏಳುವ ವಾಸನೆ ನಿಮಗೆ ನೆನಪಿದೆಯೇ? ಈಗ ಗಂಜಿ ಹಾಕುವವರೇ ಇಲ್ಲ. ಎಲ್ಲಾದರೂ ಅಪ್ಪಿತಪ್ಪಿ ಆ ವಾಸನೆ ಬಂದರೆ ನಾನು ಚಿನ್ನದ ಗಣಿಯ ಊರಾದ ಉರಿಗಾಮಿನಲ್ಲಿ, ಗಣಿ ಕೆಲಸಗಾರರ ಲೈನ್ ಮನೆಯಲ್ಲಿ ಕೂತ ಒಂಬತ್ತು ವರ್ಷದ ಹುಡುಗಿಯಾಗುತ್ತೇನೆ. ಶನಿವಾರ ಮಧ್ಯಾಹ್ನ, ಅಜ್ಜಿ ನೆಲಕ್ಕೆ ಕಂಬಳಿ ಹಾಸಿಕೊಂಡು ತಾತನ ಬಿಳಿ ಕೋಟಿಗೆ ಕೆಂಡದ ಪೆಟ್ಟಿಗೆ ತಿಕ್ಕುತ್ತಿದ್ದಾಳೆ. ಐವತ್ತರ ದಶಕದ ಕೊನೆ ಅದು. ಗಣಿಯ ಕೆಲಸ ಮುಗಿದ ಮೇಲೆ ತಾತ ಮಿಷನ್ನಿನ ಉಪದೇಶಿಯಾಗಿದ್ದ. ಅಜ್ಜಿ ಅವನ ಜೊತೆಗೆ ಹೊರಟಿದ್ದಳು. ಇಬ್ಬರೂ ಬಸ್ಸು ಹತ್ತಿ ಬೇತಮಂಗಲ, ಕಾಮಸಮುದ್ರದ ಕಡೆಯ ಹಳ್ಳಿಗಳಿಗೆ ಸುವಾರ್ತೆ ಸಾರಲು ಹೋಗುತ್ತಿದ್ದರು. ತಾತ ಬೈಬಲ್ ಓದಿದರೆ ಹಳ್ಳಿಯವರು ಆಕಳಿಸುತ್ತಿದ್ದರು. ಅದೇ ಕಥೆಯನ್ನು ಅಜ್ಜಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ತಪ್ಪಿಸಿಕೊಂಡ ಕುರಿ ಯಾರ ಹೊಲಕ್ಕೆ ನುಗ್ಗಿತ್ತು ಎಂಬುದನ್ನೂ ಸೇರಿಸಿ ಹೇಳಿದರೆ, ಒಲೆ ಮೇಲಿನ ಹಿಟ್ಟು ಸೀದರೂ ಹೆಂಗಸರು ಏಳುತ್ತಿರಲಿಲ್ಲ. ನನ್ನ ಅಪ್ಪ ಅಮ್ಮ ಬಂಗಾರಪೇಟೆಯಲ್ಲಿದ್ದರು. ಓದಲಿ ಎಂದು ನನ್ನನ್ನು ಇವರ ಬಳಿ ಬಿಟ್ಟಿದ್ದರು.

ಆ ಮನೆಯಲ್ಲಿ ಹೆಸರೆತ್ತಬಾರದ ಒಬ್ಬನಿದ್ದ, ನನ್ನ ಚಿಕ್ಕಪ್ಪ ಮುನಿರಾಜು. ಮನೆಮಂದಿಯೆಲ್ಲ ದೀಕ್ಷಾಸ್ನಾನ ಮಾಡಿಸಿಕೊಂಡಾಗ ಅವನೊಬ್ಬ ಒಲ್ಲೆನೆಂದಿದ್ದ. ಇಪ್ಪತ್ತು ತುಂಬುವ ಮೊದಲೇ ಗಣಿಯೊಳಗೆ ಬಂಡೆ ಬಿದ್ದು ಸತ್ತ. ದೀಕ್ಷೆಯಿಲ್ಲದೆ ಸತ್ತವರು ನಾಶವಾದರು ಎಂದು ತಾತ ಊರೂರಿಗೆ ಸಾರುತ್ತಿದ್ದ, ಮಗನೆಂದು ಅವನಿಗೆ ವಿನಾಯಿತಿ ಕೊಡಲಿಲ್ಲ. ಕೇಳಿದವರ ಮುಂದೆ "ನನ್ನ ಮಗನೂ ನಾಶವಾದ" ಎನ್ನುತ್ತಿದ್ದ. ಮಹಾಲಯ ಅಮಾವಾಸ್ಯೆಯ ದಿನ ಲೈನಿನ ಬೇರೆ ಮನೆಗಳವರು ಹಿರಿಯರಿಗೆ ಎಡೆ ಇಡುವಾಗ ನಮ್ಮ ಬಾಗಿಲು ಮುಚ್ಚಿರುತ್ತಿತ್ತು. ಆ ವರ್ಷ ಅಜ್ಜಿ ಸೌದೆ ತರುವ ನೆಪ ಹೇಳಿ ನನ್ನನ್ನು ಮನೆಯ ಹಿಂದೆ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಬುಡಕ್ಕೆ ಕರೆದುಕೊಂಡು ಹೋದಳು. ಚಿಕ್ಕಪ್ಪ ಕೊನೆಯ ಸಲ ಗಣಿಗೆ ಇಳಿದ ಶಾಫ್ಟಿನ ಚಕ್ರ ಅಲ್ಲಿಂದ ಕಾಣುತ್ತಿತ್ತು. ಜಾಲಿಮರದ ಕೆಳಗೊಂದು ಚಪ್ಪಟೆ ಕಲ್ಲು. ಅದರ ಮೇಲೆ ಎಲೆ ಹಾಸಿ ಮುದ್ದೆ, ಒಣಮೀನಿನ ಸಾರು, ಪಕ್ಕದಲ್ಲಿ ಒಂದು ಬೀಡಿ ಇಟ್ಟಳು. ಕಾಗೆ ಬಂದು ಕೊಕ್ಕು ಹಾಕುವವರೆಗೆ ಉಸಿರು ಬಿಡಲಿಲ್ಲ. "ಅವ್ನು ಅಸಿವು ತಡ್ಯೋನಲ್ಲ ಪಾಪಾ. ವರ್ಸಕ್ಕೊಂದು ತುತ್ತು, ಅಷ್ಟೇ. ಏಸುಸಾಮಿ ಇದಕ್ಕೆಲ್ಲ ಕೋಪ ಮಾಡ್ಕೊಳಾಕಿಲ್ಲ. ನಿಮ್ ತಾತ್ನೇ ಮಾಡ್ಕೊಳೋದು," ಎಂದಳು. ಯಾರಿಗೂ ಹೇಳಬೇಡ ಎಂದು ಮಾತ್ರ ಹೇಳಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ.

ಭಾನುವಾರದ ಸಭೆಯಲ್ಲಿ ಮಕ್ಕಳು ಎದ್ದುನಿಂತು ಸಾಕ್ಷಿ ಹೇಳಬೇಕಿತ್ತು. ಚೆನ್ನಾಗಿ ಹೇಳಿದವರಿಗೆ ಹಡಗಿನಲ್ಲಿ ಸೀಮೆಯಿಂದ ಬಂದ ಬಣ್ಣದ ಚಿತ್ರದ ಕಾರ್ಡು. ಸುಳ್ಳಾಡಿದೆ, ಬೆಲ್ಲ ಕದ್ದೆ, ಕರ್ತನು ಕ್ಷಮಿಸಿದನು ಎಂದು ನನ್ನ ಪಾಪಗಳನ್ನೆಲ್ಲ ನಾನು ಆಗಲೇ ಖರ್ಚು ಮಾಡಿಯಾಗಿತ್ತು, ಒಂದು ಕಾರ್ಡೂ ಬಂದಿರಲಿಲ್ಲ. ಅಮಾವಾಸ್ಯೆ ಕಳೆದು ಬಂದ ಭಾನುವಾರದ ಹಿಂದಿನ ದಿನ, ಸಾಕ್ಷಿ ಅಂದರೆ ಏನು ಎಂದು ತಾತನನ್ನೇ ಕೇಳಿದ್ದೆ. ಕಣ್ಣಾರೆ ಕಂಡದ್ದನ್ನು ಹೆದರದೆ ಸಭೆಯ ಮುಂದೆ ಹೇಳುವುದು ಎಂದಿದ್ದ. ನಾನು ಎದ್ದು, ಹೆದರದೆ, ಅಜ್ಜಿ ಚಿಕ್ಕಪ್ಪನಿಗೆ ಎಡೆ ಇಟ್ಟದ್ದನ್ನು ಕಣ್ಣಾರೆ ಕಂಡೆನೆಂದು ಹೇಳಿದೆ. ಮೀನು, ಬೀಡಿ ಒಂದನ್ನೂ ಬಿಡಲಿಲ್ಲ. ಪಾದ್ರಿಗಳು ಕೆಮ್ಮಿ ಮಾತು ತೇಲಿಸಲು ನೋಡಿದರು. ತಾತ ಬಿಡಲಿಲ್ಲ. ಗಂಜಿ ಹಾಕಿದ ಕೋಟಿನಲ್ಲಿ ನೆಟ್ಟಗೆ ನಿಂತು ಹೆಂಡತಿಯನ್ನು ಎಬ್ಬಿಸಿದ. "ತಿಂದಿದ್ದು ಬರೀ ಕಾಗೆ, ನಿನ್ ಮಗ ಅಲ್ಲ ಅಂತ ಒಪ್ಕೋ. ಇಲ್ಲಿಗೇ ಮುಗೀತದೆ." ಅಜ್ಜಿ ಸೆರಗು ಸರಿಮಾಡಿಕೊಂಡು ಹೇಳಿದಳು: "ನನ್ ಮಗ್ನೇ ಬಂದಿದ್ದು. ಬೀಡಿ ಮಾತ್ರ ಬಿಟ್ಟೋದ." ಯಾರೋ ನಕ್ಕರು. ಅವಳನ್ನು ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದಿಂದ ಹೊರಗಿಡಬೇಕೆಂದು ಕೇಳಿದವನು ತಾತನೇ.

ಮನೆಗೆ ಬರುವಾಗ ಅಜ್ಜಿ ನನ್ನನ್ನು ಬೈಯಲಿಲ್ಲ. "ಕಾರ್ಡ್ ಕೊಟ್ರಾ?" ಎಂದಷ್ಟೇ ಕೇಳಿದಳು. ಕೊಟ್ಟಿದ್ದರು. ನಾನು ಅದನ್ನು ಹಿಂದಕ್ಕೆ ಕೊಡಲೂ ಇಲ್ಲ, ಹರಿದು ಹಾಕಲೂ ಇಲ್ಲ; ಶಾಲೆಗೆ ಒಯ್ದು ಎಲ್ಲರಿಗೂ ತೋರಿಸಿದೆ. ಅಜ್ಜಿ ಮತ್ತೆ ಹಳ್ಳಿಗಳಿಗೆ ಹೋಗಲಿಲ್ಲ. ತಾತ ಒಬ್ಬನೇ ಬಸ್ಸು ಹತ್ತುತ್ತಿದ್ದ, ಹಳ್ಳಿಯವರು ಅವನೊಬ್ಬನನ್ನೇ ನೋಡಿ ಅಮ್ಮ ಎಲ್ಲಿ ಎನ್ನುತ್ತಿದ್ದರಂತೆ. ಅವಳು ಶನಿವಾರ ಅವನ ಕೋಟು ಇಸ್ತ್ರಿ ಮಾಡಿ, ಭಾನುವಾರ ಹಿಂದಿನ ಚಾಪೆಯ ಮೇಲೆ, ದೀಕ್ಷೆಯಾಗದವರ ಜೊತೆ ಕೂರುತ್ತಿದ್ದಳು. ಎರಡು ವರ್ಷ ಹಾಗೇ ಕೂತಳು. ಆಮೇಲೆ ಜ್ವರ ಹಿಡಿಯಿತು. ಪಾದ್ರಿಗಳೇ ರೊಟ್ಟಿ, ದ್ರಾಕ್ಷಾರಸ ಹಿಡಿದು ಮನೆಗೆ ಬಂದರು. ತಾತ ಹಾಸಿಗೆಯ ಪಕ್ಕ ಬಗ್ಗಿ, ತಿಂದದ್ದು ಬರೀ ಕಾಗೆಯೆಂದು ಒಪ್ಪಿಕೋ ಎಂದು ಮತ್ತೆ ಕೇಳಿದ. ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು. ಪಾದ್ರಿಗಳು ತಂದದ್ದನ್ನು ಹಾಗೇ ತೆಗೆದುಕೊಂಡು ಹೋದರು, ಎರಡು ದಿನಕ್ಕೆ ಅವಳೂ ಹೋದಳು.

ಮುಂದಿನ ಮಹಾಲಯ ಅಮಾವಾಸ್ಯೆಗೆ ನಾನು ಶಾಲೆಯಿಂದ ಬಂದಾಗ ಒಳಗೆ ಮೀನು ಸೀದ ಹೊಗೆ. ಹುಟ್ಟಿದಾರಭ್ಯ ಒಲೆ ಮುಟ್ಟದ ತಾತ, ಗಂಟುಗಂಟಾದ ಎರಡು ಮುದ್ದೆಗಳನ್ನು ತಟ್ಟೆಯಲ್ಲಿಟ್ಟುಕೊಂಡು ಅಡಿಗೆಮನೆಯಲ್ಲಿ ನಿಂತಿದ್ದ. ಒಂದು ಮಗನಿಗಾದರೆ ಇನ್ನೊಂದು ಯಾರಿಗೆಂದು ನನಗೆ ತಿಳಿಯಿತು. ನನ್ನ ಮುಖ ನೋಡದೆ, "ಪಾಪಾ, ಅವ್ಳು ಎಲ್ಲಿ ಇಡ್ತಿದ್ಲು?" ಎಂದ. ನನಗೆ ಹನ್ನೆರಡು ತುಂಬಿತ್ತು, ಎಲ್ಲ ಅರ್ಥವಾಗುತ್ತಿತ್ತು. "ಗೊತ್ತಿಲ್ಲ ತಾತ, ನಾನು ನೋಡಿಲ್ಲ," ಎಂದೆ. ಆ ಮಾತು ಹೇಳುವಾಗ ನನಗೆ ಹಿತವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಸುಳ್ಳೆಂದು ಅವನಿಗೂ ತಿಳಿದಿತ್ತು, ಬೈಯಲಿಲ್ಲ. ತಟ್ಟೆಯನ್ನು ಮುಂಬಾಗಿಲ ಗೋಡೆಯ ಮೇಲಿಟ್ಟು ಸಂಜೆಯವರೆಗೆ ಬಿಸಿಲಿನಲ್ಲಿ ಕೂತ. ಒಂದು ಕಾಗೆಯೂ ಬರಲಿಲ್ಲ. ಹೊತ್ತು ಮುಳುಗುವಾಗ ತಟ್ಟೆಯನ್ನು ಒಳಗೆ ತಂದು, ಒಣಗಿದ ಮುದ್ದೆಯನ್ನು ನೀರಿನಲ್ಲಿ ಅದ್ದಿಕೊಂಡು, ಎರಡನ್ನೂ ತಾನೇ ತಿಂದ. ಮತ್ತೆಂದೂ ನನ್ನನ್ನು ಕೇಳಲಿಲ್ಲ. ಆ ಮನೆಯೂ ಈಗಿಲ್ಲ, ಆ ಮೂವರೂ ಇಲ್ಲ. ಆ ಕಲ್ಲನ್ನು ತೋರಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಮನೆಯ ಹಿಂದಿನಿಂದ ನೂರು ಹೆಜ್ಜೆಯೂ ಇರಲಿಲ್ಲ, ಮುದುಕನನ್ನು ಕೈ ಹಿಡಿದು ಕರೆದುಕೊಂಡು ಹೋಗಬಹುದಿತ್ತು.